ಸಾಹಸ ಆಟದಲ್ಲಿ ಸಿಕ್ಕಿಕೊಂಡಾಗ: ಕಷ್ಟ ಎಲ್ಲಿಂದ ಬಂತೆಂದು ಮೊದಲು ನೋಡಿ

ಪ್ರಶ್ನೆ: ನನಗೆ 38 ವರ್ಷ. ಮಕ್ಕಳು ಮಲಗಿದ ಮೇಲೆ ರಾತ್ರಿ ಒಂದು ಗಂಟೆ ಬಿಡುವು ಸಿಗುತ್ತದೆ, ಆಗ ವಿಡಿಯೋ ಗೇಮ್ ಆಡುತ್ತೇನೆ. ಕಥೆ ಇರುವ, ಜಾಗ ಜಾಗ ಸುತ್ತಿ ಒಗಟು ಬಿಡಿಸುವ ಸಾಹಸ ಆಟಗಳೆಂದರೆ ಇಷ್ಟ. ತಮ್ಮ ಕೊಟ್ಟ ಹಳೆಯ ಪಿಎಸ್4 ಗೇಮ್ ಯಂತ್ರದಲ್ಲಿ 'ಶ್ಯಾಡೋ ಆಫ್ ದ ಟೂಂಬ್ ರೈಡರ್' ಆಡುತ್ತಿದ್ದೆ. ಗೋರಿಗಳ ಒಳಗಿನ ಒಗಟುಗಳನ್ನು ಯಾರ ಸಹಾಯವೂ ಇಲ್ಲದೆ ಬಿಡಿಸಿದೆ. ತೈಲ ಘಟಕದ ಗುಂಡಿನ ಕಾಳಗದಲ್ಲಿ ಮಾತ್ರ ಮೂರ್ನಾಲ್ಕು ರಾತ್ರಿ ಬರೀ ಸಾಯುವುದೇ ಆಯಿತು. ಬೇಸತ್ತು ಲ್ಯಾಪ್‌ಟಾಪಿನಲ್ಲಿ 'ಮಂಕಿ ಐಲ್ಯಾಂಡ್ 2' ಶುರು ಮಾಡಿದೆ. ಅಲ್ಲಿ ಜಲಪಾತದ ಹತ್ತಿರ ಸಿಕ್ಕಿಕೊಂಡೆ. ಕೊನೆಗೆ ಯೂಟ್ಯೂಬ್ ನೋಡಿದರೆ, ಮಂಗನನ್ನು ಹಿಡಿದು ಪಂಪು ತಿರುಗಿಸಬೇಕಂತೆ! ಅದು ನನಗೆ ಹೇಗೆ ಹೊಳೆಯಬೇಕಿತ್ತು? ತಮ್ಮನನ್ನು ಕೇಳಿದರೆ 'ಅಕ್ಕ, ಈಸಿಗೆ ಇಳಿಸಿ ಆಡೋದು ಆಟವೇ ಅಲ್ಲ' ಅನ್ನುತ್ತಾನೆ. ನಮ್ಮ ಯಜಮಾನರು 'ಎಲ್ಲ ಯೂಟ್ಯೂಬ್ ನೋಡಿಕೊಂಡೇ ಮುಗಿಸು' ಅನ್ನುತ್ತಾರೆ. ನೋಡಿದರೆ ಖುಷಿಯೇ ಉಳಿಯುವುದಿಲ್ಲ. ನನಗೆ ವಯಸ್ಸಾಯಿತೇ, ಬುದ್ಧಿ ಸಾಲದೇ, ಅಥವಾ ಆಟಗಳೇ ಹೀಗೆಯೇ? – ಹಾಸನದ ಓದುಗರು

ಉತ್ತರ: ನೀವು ಎರಡು ಕಡೆ ಸಿಕ್ಕಿಕೊಂಡಿದ್ದೀರಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ 'ನನಗೆ ಸಾಲದು' ಅಂದುಕೊಂಡಿದ್ದೀರಿ. ಆದರೆ ತೈಲ ಘಟಕಕ್ಕೂ ಜಲಪಾತಕ್ಕೂ ಏನೂ ಸಂಬಂಧವಿಲ್ಲ. ಒಂದು ಕಡೆ ಕೈ ಸೋತಿದೆ. ಇನ್ನೊಂದು ಕಡೆ ನೀವು ಸೋತೇ ಇಲ್ಲ, ಒಗಟು ಕೆಟ್ಟದಾಗಿದೆ. ಇಂಥ ಆಟಗಳನ್ನು ಹೊಸಬರ ಕೈಗೆ ಕೊಟ್ಟು ಪರೀಕ್ಷಿಸುವ ಕೆಲಸದಲ್ಲಿ ನಾವು ಮೊದಲು ಕೇಳುವ ಪ್ರಶ್ನೆ 'ಆಟಗಾರ ಎಷ್ಟು ಹೊತ್ತು ಸಿಕ್ಕಿಕೊಂಡ' ಎಂಬುದಲ್ಲ, 'ಯಾವ ತರಹದ ಕಷ್ಟದಲ್ಲಿ ಸಿಕ್ಕಿಕೊಂಡ' ಎಂಬುದು. ಅದು ತಿಳಿದರೆ ಅದೊಂದನ್ನೇ ಕಡಿಮೆ ಮಾಡಬಹುದು, ನಿಮಗೆ ಖುಷಿ ಕೊಡುವ ಕಷ್ಟವನ್ನು ಹಾಗೇ ಇಟ್ಟುಕೊಳ್ಳಬಹುದು.

ಸಾಹಸ ಆಟದಲ್ಲಿ ಕಷ್ಟ ಐದು ಕಡೆಯಿಂದ ಬರುತ್ತದೆ. ಸರಿಯಾದ ಹೊತ್ತಿಗೆ ಗುಂಡಿ ಒತ್ತುವುದು, ಗುರಿ ಹಿಡಿಯುವುದು ಕೈಯ ಕಷ್ಟ. ಹತ್ತಬಹುದಾದ ಅಂಚು, ಎತ್ತಿಕೊಳ್ಳಬಹುದಾದ ಸಾಮಾನು ಕಾಣದಿರುವುದು ಕಣ್ಣಿನ ಕಷ್ಟ. ಎಲ್ಲ ಕಂಡರೂ ಯಾವುದಕ್ಕೆ ಯಾವುದನ್ನು ಸೇರಿಸಬೇಕೆಂದು ತೋಚದಿರುವುದು ಬುದ್ಧಿಯ ಕಷ್ಟ. ಸತ್ತರೆ ಹತ್ತು ನಿಮಿಷ ಹಿಂದಕ್ಕೆ ಹೋಗಿ ಆಡಿದ್ದನ್ನೇ ಆಡಬೇಕಾದರೆ ಅದು ಶಿಕ್ಷೆಯ ಕಷ್ಟ. ಐದನೆಯದು ಭಾಷೆಯದ್ದು. ಇಂಗ್ಲಿಷ್ ಮನೆಮಾತಲ್ಲದ ನಮ್ಮಂಥವರನ್ನು ಅದು ಸದ್ದಿಲ್ಲದೆ ಕಾಡುತ್ತದೆ, ಅದನ್ನು ನಾವು ಬುದ್ಧಿಯ ಕಷ್ಟ ಎಂದು ತಪ್ಪು ತಿಳಿಯುತ್ತೇವೆ. ಗೋರಿಯ ಒಗಟುಗಳನ್ನು ಒಬ್ಬರೇ ಬಿಡಿಸಿದ್ದೀರಿ ಅಂದಮೇಲೆ ನಿಮ್ಮ ಕಣ್ಣಿಗೂ ಬುದ್ಧಿಗೂ ಯಾವ ಕೊರತೆಯೂ ಇಲ್ಲ.

ಜಲಪಾತದ ಮಂಗ

ಮೊದಲು ಇದನ್ನೇ ನೋಡೋಣ, ಏಕೆಂದರೆ ನಿಮಗೆ ಹೆಚ್ಚು ನೋವಾಗಿರುವುದು ಇಲ್ಲಿ. ಒಂದು ದ್ವೀಪದ ಬಾರಿನಲ್ಲಿ ಮಂಗ ಪಿಯಾನೋ ನುಡಿಸುತ್ತಿರುತ್ತದೆ. ಪಿಯಾನೋ ಮೇಲೆ ತಾಳ ತೋರಿಸಲು ಅತ್ತಿತ್ತ ಆಡುವ ಮೆಟ್ರೊನೋಮ್‌ನ ಕಡ್ಡಿಗೆ ಬಾಳೆಹಣ್ಣು ಸಿಕ್ಕಿಸಿದರೆ, ಅದು ಅತ್ತಿತ್ತ ಆಡುವುದನ್ನು ನೋಡುತ್ತಾ ಮಂಗ ಮರುಳಾಗಿ ಸೆಟೆದು ನಿಲ್ಲುತ್ತದೆ. ಅದನ್ನು ಎತ್ತಿ ಕೋಟಿನೊಳಗೆ ಹಾಕಿಕೊಂಡು, ಇನ್ನೊಂದು ದ್ವೀಪಕ್ಕೆ ಹೋಗಿ, ಜಲಪಾತದ ಮೇಲಿರುವ ಪಂಪಿನ ನಟ್ಟಿಗೆ ಮಂಗನನ್ನೇ ಸ್ಪ್ಯಾನರ್ ಹಾಗೆ ಹಾಕಿ ತಿರುಗಿಸಿ ನೀರು ನಿಲ್ಲಿಸಬೇಕು. ಅಮೆರಿಕದಲ್ಲಿ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಬಗೆಯ ಸ್ಪ್ಯಾನರಿಗೆ 'ಮಂಕಿ ರೆಂಚ್' ಎಂಬ ಹೆಸರಿದೆ. ಇಡೀ ಒಗಟು ನಿಂತಿರುವುದು ಆ ಹೆಸರಿನ ಮೇಲೆ. ನಮ್ಮ ಗ್ಯಾರೇಜುಗಳಲ್ಲಿ ಅದು ಪಾನಾ, ಇಲ್ಲವೇ ಸ್ಪ್ಯಾನರ್. ಬ್ರಿಟನ್ನಿನಲ್ಲೂ ಸ್ಪ್ಯಾನರ್ ಅನ್ನುವುದೇ ರೂಢಿ. ಆ ಪದ ಗೊತ್ತಿಲ್ಲದವರಿಗೆ ಆಟದ ಒಳಗೆ ಅದನ್ನು ಕಲಿಸುವ ಸುಳಿವು ಸಾಲದು. ಗೊತ್ತಿರುವವರು ಕೂಡ ಬಾರಿನ ಮಂಗನಿಗೂ ಬೇರೆ ದ್ವೀಪದ ಪಂಪಿಗೂ ನಂಟು ಕಲ್ಪಿಸಿಕೊಳ್ಳುವುದು ಸುಲಭವಲ್ಲ. ಅಲ್ಲಿ ನೀವು ಯೂಟ್ಯೂಬ್ ನೋಡಿದ್ದು ಸರಿಯಾದ ತೀರ್ಮಾನ.

1991ರಲ್ಲಿ ಬಂದ ಈ ಆಟ ಬಹಳ ಒಳ್ಳೆಯ ಆಟ ಎಂಬ ಮಾತನ್ನೂ ಸೇರಿಸಬೇಕು. ಇದನ್ನು ರೂಪಿಸಿದ ರಾನ್ ಗಿಲ್ಬರ್ಟ್ ಅನ್ಯಾಯದ ಕಷ್ಟದ ವಿರುದ್ಧವೇ ದನಿ ಎತ್ತಿದವರು. ಸಾಹಸ ಆಟಗಳು ಯಾಕೆ ಹದಗೆಟ್ಟಿವೆ ಎಂದು ಅವರು 1989ರಲ್ಲೇ ಒಂದು ಲೇಖನ ಬರೆದರು. ಆಟಗಾರನನ್ನು ಕಾರಣವಿಲ್ಲದೆ ಸಾಯಿಸಬಾರದು, ಹಿಂದೆ ಎಲ್ಲೋ ಒಂದು ಸಾಮಾನು ಬಿಟ್ಟು ಬಂದದ್ದಕ್ಕೆ ಗಂಟೆಗಳ ಆಟ ಹಾಳಾಗಬಾರದು ಎಂಬುದು ಅವರ ವಾದ. ಅವರು ಸಿಟ್ಟಾಗಲು ಕಾರಣಗಳಿದ್ದವು. ಅದರ ಮರುವರ್ಷ, 1990ರಲ್ಲಿ ಬಂದ 'ಕಿಂಗ್ಸ್ ಕ್ವೆಸ್ಟ್ 5'ರಲ್ಲೂ ಅದೇ ಚಾಳಿ ಮುಂದುವರಿಯಿತು. ಆ ಆಟದಲ್ಲಿ ಒಂದು ಸಿಹಿ ಕಡುಬು ಸಿಗುತ್ತದೆ. ಹಸಿವಾದಾಗ ತಿಂದುಬಿಟ್ಟರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಮುಂದೆ ಹಿಮದ ಬೆಟ್ಟದಲ್ಲಿ ಯೇತಿ ಎಂಬ ಹಿಮಮಾನವ ಎದುರಾದಾಗ ಅದರ ಮುಖಕ್ಕೆ ಎಸೆಯಲು ಕಡುಬೇ ಇರುವುದಿಲ್ಲ, ಬೇರೆ ದಾರಿಯೂ ಇಲ್ಲ. ಆಟ ಆಗಲೇ ಸೋತಿರುತ್ತದೆ, ಆಡುವವರಿಗೆ ಮಾತ್ರ ಅದು ತಿಳಿದಿರುವುದಿಲ್ಲ. ಗಿಲ್ಬರ್ಟ್ ಅದೇ 1990ರಲ್ಲಿ ಮಾಡಿದ ಮೊದಲ 'ಮಂಕಿ ಐಲ್ಯಾಂಡ್'ನಲ್ಲಿ ನಾಯಕ ಸಾಯುವುದು ಒಂದೇ ರೀತಿಯಲ್ಲಿ: ಅವನು ಹತ್ತು ನಿಮಿಷ ಉಸಿರು ಬಿಗಿಹಿಡಿಯಬಲ್ಲ, ನೀರಿನಡಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಬಿಟ್ಟರೆ ಮಾತ್ರ. ಇಷ್ಟು ಕಾಳಜಿ ಇದ್ದವರ ಕೈಯಲ್ಲೂ ಮಂಗನ ಒಗಟಿನಂಥದ್ದು ನುಸುಳುತ್ತದೆ. ಒಗಟು ಕಟ್ಟಿದವರಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಅವರ ಕಣ್ಣಿಗೆ ಅದು ಸಲೀಸಾಗಿಯೇ ಕಾಣುತ್ತದೆ. ಹೊಸಬರನ್ನು ಕೂರಿಸಿ, ಬಾಯಿ ಬಿಡದೆ ಪಕ್ಕದಲ್ಲಿ ನಿಂತು ನೋಡಿದಾಗ ಮಾತ್ರ ನಿಜ ಗೊತ್ತಾಗುವುದು.

ಒಗಟು ನ್ಯಾಯವಾದದ್ದೋ ಅಲ್ಲವೋ ಎಂದು ತಿಳಿಯಲು ನಾವು ಬಳಸುವ ಅಳತೆ ಸರಳ. ಉತ್ತರ ಗೊತ್ತಾದ ಮೇಲೆ 'ಅಯ್ಯೋ, ಇದು ಹೊಳೆಯಬೇಕಿತ್ತಲ್ಲ' ಅನಿಸಿದರೆ ಒಗಟು ಚೆನ್ನಾಗಿದೆ. 'ಇದು ಹೇಗೆ ಹೊಳೆಯಬೇಕಿತ್ತು' ಅನಿಸಿದರೆ ಕೆಟ್ಟದ್ದು. ನೀವು ಪತ್ರದಲ್ಲಿ ಬರೆದದ್ದು ಎರಡನೆಯ ಮಾತನ್ನೇ. ಇದಕ್ಕೆ ಅತಿ ಕುಖ್ಯಾತ ಉದಾಹರಣೆ 1999ರ 'ಗೇಬ್ರಿಯಲ್ ನೈಟ್ 3'. ಮೋಟಾರ್‌ಸೈಕಲ್ ಬಾಡಿಗೆಗೆ ಪಡೆಯಲು ಗೆಳೆಯನ ವೇಷ ಹಾಕಬೇಕು. ಅದಕ್ಕೆ ಬೆಕ್ಕೊಂದು ನುಸುಳುವ ಕಿಂಡಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕನ್ನು ಓಡಿಸಿ, ಕೂದಲು ಕಿತ್ತು, ಮೇಪಲ್ ಪಾಕದಲ್ಲಿ ಅಂಟಿಸಿ ಮೀಸೆ ಮಾಡಿಕೊಳ್ಳಬೇಕು. ಆ ಗೆಳೆಯನಿಗೆ ಮೀಸೆಯೇ ಇಲ್ಲ. ಆದ್ದರಿಂದ ಅವನ ಪಾಸ್‌ಪೋರ್ಟಿನ ಫೋಟೋದ ಮೇಲೂ ಪೆನ್ನಿನಿಂದ ಮೀಸೆ ಬರೆಯಬೇಕು! ಇಂಥದ್ದನ್ನು ಬಿಡಿಸಲಾಗದವರ ಬುದ್ಧಿಯನ್ನು ಯಾರೂ ಅಳೆಯಬಾರದು.

ಯೂಟ್ಯೂಬಿಗೆ ಮೊದಲು ಮಾಡಬೇಕಾದದ್ದು

ಉತ್ತರ ನೋಡಿದರೆ ಖುಷಿ ಹೋಗುತ್ತದೆ ಎಂಬ ನಿಮ್ಮ ಮಾತು ಸತ್ಯ. ಈ ಆಟಗಳ ರುಚಿ ಇರುವುದು ತಟಕ್ಕನೆ ಹೊಳೆಯುವ ಆ ಕ್ಷಣದಲ್ಲಿ. ವಿಡಿಯೋದಲ್ಲಿ ಇನ್ನೊಂದು ತೊಂದರೆಯೂ ಇದೆ. ನಿಮಗೆ ಬೇಕಾದ ಒಂದು ಹೆಜ್ಜೆ ಹುಡುಕುವಷ್ಟರಲ್ಲಿ ಮುಂದಿನ ಎರಡು ಒಗಟುಗಳ ಉತ್ತರವೂ ಕಣ್ಣಿಗೆ ಬಿದ್ದಿರುತ್ತದೆ. ಒಮ್ಮೆ ನೋಡಿದವರು ಮುಂದಿನ ಸಲ ಇನ್ನೂ ಬೇಗ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಹಾಗಂತ ರಾತ್ರಿಗಟ್ಟಲೆ ಗೋಡೆಗೆ ತಲೆ ಚಚ್ಚಿಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಈ ಎರಡರ ನಡುವೆ ಹಲವು ಮೆಟ್ಟಿಲುಗಳಿವೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಸಿಕ್ಕಿಕೊಂಡಾಗ ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಿರಿ: ಈಗ ಏನು ಸಾಧಿಸಬೇಕು, ಕೈಯಲ್ಲಿ ಏನೇನಿದೆ, ಎಲ್ಲೆಲ್ಲಿ ದಾರಿ ಮುಚ್ಚಿದೆ. ಹೆಚ್ಚಿನವರು ಮೊದಲನೆಯದರಲ್ಲೇ ತಡವರಿಸುತ್ತಾರೆ. 'ಒಳಗೆ ಹೋಗಬೇಕು' ಎಂದು ಬರೆದರೆ ಸಾಲದು, 'ನೀರು ನಿಲ್ಲಬೇಕು, ನೀರು ನಿಲ್ಲಲು ಪಂಪು ತಿರುಗಬೇಕು' ಎಂದು ಕೊನೆಯ ಗಂಟಿನವರೆಗೆ ಬರೆಯಬೇಕು. ಗುರಿ ಅಷ್ಟು ಬಿಡಿಸಿಕೊಂಡರೆ ಎಷ್ಟೋ ಸಲ ಉತ್ತರ ಬರೆಯುವಾಗಲೇ ಬಂದುಬಿಡುತ್ತದೆ.

ಆಮೇಲೆ ಎಲ್ಲ ಸಾಮಾನು ಸಿಕ್ಕಿದೆಯೇ ನೋಡಿ. ಮುಟ್ಟಬಹುದಾದ ವಸ್ತುಗಳನ್ನೆಲ್ಲ ಹೊಳೆಯಿಸಿ ತೋರಿಸುವ ಗುಂಡಿ ಇಂದಿನ ಬಹಳಷ್ಟು ಆಟಗಳಲ್ಲಿ ಇರುತ್ತದೆ. ಅದನ್ನು ಒತ್ತುವುದು ಮೋಸವಲ್ಲ. ಪರದೆಯ ಮೇಲೆ ನಾಲ್ಕು ಚುಕ್ಕೆಯಷ್ಟು ಅಗಲದ ಕೀಲಿಯನ್ನು ಹುಡುಕುವುದರಲ್ಲಿ ಯಾವ ಜಾಣತನವೂ ಇಲ್ಲ. ಇನ್ನೊಂದು, ಆಟ ಕೊಡುವ ಉತ್ತರಗಳನ್ನು ಗಮನವಿಟ್ಟು ಓದಿ. ತಪ್ಪು ಸಾಮಾನು ಬಳಸಿದಾಗ 'ಅದು ಆಗುವುದಿಲ್ಲ' ಎಂಬ ಮಾಮೂಲಿ ಮಾತು ಬಂದರೆ ಆ ದಾರಿ ಬಿಡಿ. ಆ ವಸ್ತುವಿಗೇ ಹೊಂದುವ ಬೇರೆ ಮಾತು ಬಂದರೆ ಬರೆದವರು ಅಲ್ಲಿ ಯೋಚಿಸಿದ್ದಾರೆ ಎಂದರ್ಥ, ನೀವು ಹತ್ತಿರದಲ್ಲೇ ಇರಬಹುದು.

ಇಪ್ಪತ್ತು ನಿಮಿಷ ಆದರೂ ಮುಂದೆ ಹೋಗದಿದ್ದರೆ ಬೇರೆ ಎಳೆ ಹಿಡಿಯಿರಿ. ಒಳ್ಳೆಯ ಸಾಹಸ ಆಟದಲ್ಲಿ ಒಂದೇ ಹೊತ್ತಿಗೆ ಮೂರ್ನಾಲ್ಕು ಒಗಟು ತೆರೆದಿರುತ್ತವೆ. 'ಮಂಕಿ ಐಲ್ಯಾಂಡ್ 2'ರ ಎರಡನೆಯ ಭಾಗದಲ್ಲಿ ನಕ್ಷೆಯ ನಾಲ್ಕು ಚೂರುಗಳನ್ನು ಮೂರು ದ್ವೀಪಗಳಲ್ಲಿ ಹುಡುಕಬೇಕು. ಜಲಪಾತ ಅದರಲ್ಲಿ ಒಂದು ಚೂರಿನ ದಾರಿ ಅಷ್ಟೆ. ಬೇರೆ ಎಳೆಯೂ ಇಲ್ಲದಿದ್ದರೆ ಆಟ ಮುಚ್ಚಿ ಮಲಗಿ. ತಲೆಯಲ್ಲಿ ಬಿಟ್ಟ ಒಗಟು ಮರುದಿನ ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ತಾನೇ ಬಿಡಿಸಿಕೊಳ್ಳುವುದುಂಟು. ಬಿಡುವು ಕೊಟ್ಟರೆ ತಪ್ಪು ದಾರಿಯ ಹಟ ಸಡಿಲವಾಗುತ್ತದೆ. ಮನಶ್ಶಾಸ್ತ್ರಜ್ಞರು ಬಹುಕಾಲದಿಂದ ಗಮನಿಸಿರುವ ಸಂಗತಿ ಇದು.

ಅದಾದ ಮೇಲೆ ಸುಳಿವು. ಉತ್ತರವನ್ನಲ್ಲ, ಸುಳಿವನ್ನು ಮಾತ್ರ ನೋಡಿ. 1980ರ ದಶಕದಲ್ಲಿ ಇನ್ಫೋಕಾಮ್ ಕಂಪನಿ ತನ್ನ ಆಟಗಳಿಗೆ ಮಾರುತ್ತಿದ್ದ ಸುಳಿವಿನ ಪುಸ್ತಕಗಳಲ್ಲಿ ಉತ್ತರಗಳು ಕಾಣದ ಶಾಯಿಯಲ್ಲಿ ಅಚ್ಚಾಗಿರುತ್ತಿದ್ದವು. ಜೊತೆಗೆ ಕೊಟ್ಟ ಪೆನ್ನು ಉಜ್ಜಿದರೆ ಒಂದು ಸಾಲು ಮೂಡುತ್ತಿತ್ತು. ಮೊದಲ ಸಾಲು ಬರೀ ಇಶಾರೆ, ಕೊನೆಯ ಸಾಲಿನಲ್ಲಿ ಪೂರ್ತಿ ಉತ್ತರ. ಸಾಹಸ ಆಟಗಳಿಗೆ ಸಹಾಯ ಕೊಡಲು ಇದಕ್ಕಿಂತ ಒಳ್ಳೆಯ ಕ್ರಮ ನನಗೆ ಕಂಡಿಲ್ಲ. ಅದೇ ಕ್ರಮದಲ್ಲಿ ಸುಳಿವು ಕೊಡುವ 'ಯೂನಿವರ್ಸಲ್ ಹಿಂಟ್ ಸಿಸ್ಟಮ್' ಎಂಬ ಕಂಪ್ಯೂಟರ್ ವ್ಯವಸ್ಥೆ 1988ರಲ್ಲಿ ಶುರುವಾಯಿತು, ಹಳೆಯ ಆಟಗಳಿಗೆ ಬಹಳ ಅನುಕೂಲ. ನಿಮ್ಮ ಯಜಮಾನರಿಗೂ ಇಲ್ಲಿ ಕೆಲಸವಿದೆ. ಅವರೇ ಯೂಟ್ಯೂಬ್ ನೋಡಲಿ, ನೀವು ಹೌದು-ಅಲ್ಲ ಪ್ರಶ್ನೆಗಳನ್ನು ಮಾತ್ರ ಕೇಳಿ. 'ಬೇಕಾದ ಸಾಮಾನು ನನ್ನ ಹತ್ತಿರ ಇದೆಯಾ?' 'ಉತ್ತರ ಇದೇ ದ್ವೀಪದಲ್ಲಿದೆಯಾ?' ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಹುಡುಕಾಟ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಹೊಳೆಯುವ ಖುಷಿ ನಿಮ್ಮದೇ ಆಗಿ ಉಳಿಯುತ್ತದೆ. ಒಗಟು ಪದದ ಆಟದ ಮೇಲೆ ನಿಂತಿದೆಯೇ ಎಂಬುದನ್ನು ಮೂರನೆಯ ಪ್ರಶ್ನೆಯಾಗಿ ಕೇಳಿ. ಹೌದು ಅಂದರೆ ಹಿಂಜರಿಯದೆ ಉತ್ತರ ನೋಡಿಬಿಡಿ.

ತೈಲ ಘಟಕ: ಮೊದಲು ಟಿವಿ ನೋಡಿ

ಕಾಳಗದಲ್ಲಿ ಸಾಯುತ್ತಿದ್ದೇನೆ ಅನ್ನುವವರಿಗೆ ನಾನು ಹೇಳುವ ಮೊದಲ ಮಾತು ಟಿವಿಯ ಬಗ್ಗೆ. ನೀವು ಗುಂಡಿ ಒತ್ತಿದ್ದು ಪರದೆಯ ಮೇಲೆ ಕಾಣಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಸಿನಿಮಾ, ಕ್ರಿಕೆಟ್ ಚೆನ್ನಾಗಿ ಕಾಣಲೆಂದು ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ನುಣುಪು ಮಾಡುತ್ತದೆ, ಈ ತಿದ್ದಾಟಕ್ಕೇ ಕೆಲವು ಟಿವಿಗಳಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಹೋಗುತ್ತದೆ. ಏನಾದರೂ ಕಂಡ ಕೂಡಲೇ ಬೆರಳು ಒತ್ತಲು ಆರೋಗ್ಯವಂತ ವಯಸ್ಕರಿಗೆ ಬೇಕಾಗುವುದೇ ಹೆಚ್ಚುಕಡಿಮೆ ಕಾಲು ಸೆಕೆಂಡ್. ಅದರ ಮೇಲೆ ಇದು ಸೇರಿದರೆ ಶತ್ರು ತಲೆ ಎತ್ತಿದ್ದು ನಿಮಗೆ ಕಾಣುವುದೇ ತಡ, ನೀವು ಸರಿಸಿದ ಗುರಿ ಕಾಣುವುದು ಇನ್ನೂ ತಡ. ಗುರಿ ದಾಟಿ ಹೋಯಿತೆಂದು ಹಿಂದಕ್ಕೆ ಎಳೆಯುತ್ತೀರಿ, ಆ ಕಡೆಗೂ ದಾಟುತ್ತದೆ. ಕೈ ನಡುಗುತ್ತಿದೆ ಎಂದು ನಿಮ್ಮನ್ನೇ ಬೈದುಕೊಳ್ಳುತ್ತೀರಿ.

ಪರಿಹಾರಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಪಿಎಸ್4 ಚಾಲೂ ಇರುವಾಗಲೇ ಟಿವಿಯ ರಿಮೋಟಿನಲ್ಲಿ ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ 'ಗೇಮ್ ಮೋಡ್' ಹಾಕಿ. ಬಹಳಷ್ಟು ಟಿವಿಗಳು ಪ್ರತಿ ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಸೆಟ್‌ಟಾಪ್ ಬಾಕ್ಸ್ ನೋಡುತ್ತಾ ಬದಲಾಯಿಸಿದರೆ ಪಿಎಸ್4ಗೆ ಅದು ತಾಗದೇ ಇರಬಹುದು. ಗೇಮ್ ಮೋಡ್ ಇಲ್ಲದ ಟಿವಿಯಾದರೆ ಚಲನೆಯನ್ನು ನುಣುಪು ಮಾಡುವ, ಮಚ್ಚೆ ತೆಗೆಯುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ. ಬಣ್ಣ ಸ್ವಲ್ಪ ಪೇಲವವಾಗಿ ಕಾಣುತ್ತದೆ, ಎರಡು ದಿನದಲ್ಲಿ ಕಣ್ಣಿಗೆ ಒಗ್ಗುತ್ತದೆ. ಆಟದ ಒಳಗಿನ ಬ್ರೈಟ್‌ನೆಸ್ಸನ್ನೂ ನೋಡಿ. ಹಗಲಲ್ಲಿ ಹೊಂದಿಸಿದ್ದು ದೀಪ ಆರಿಸಿದ ಕೋಣೆಯಲ್ಲಿ ಸರಿಹೋಗುವುದಿಲ್ಲ.

ಹಳೆಯ ಪಿಎಸ್4 ಅಂದಿರಿ, ಕಂಟ್ರೋಲರೂ ಹಳೆಯದೇ ಇರಬಹುದು. ಅದರ ಮೇಲೆ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕೋಲಿನಿಂದ (ಸ್ಟಿಕ್) ಕೈ ತೆಗೆದು ಸುಮ್ಮನೆ ನೋಡಿ. ಕ್ಯಾಮೆರಾ ತಾನಾಗಿ ನಿಧಾನಕ್ಕೆ ತೇಲಿಹೋಗುತ್ತಿದ್ದರೆ ಕೋಲು ಸವೆದಿದೆ. ಆಟದಲ್ಲಿ ಕೋಲಿನ ಸಣ್ಣ ಅಲುಗಾಟವನ್ನು ಲೆಕ್ಕಿಸದಿರುವ 'ಡೆಡ್ ಝೋನ್' ಆಯ್ಕೆ ಇದ್ದರೆ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ರಿಪೇರಿ ಮಾಡಿಸಬೇಕಾಗುತ್ತದೆ. ಗುರಿ ಪ್ರತಿ ಸಲವೂ ಶತ್ರುವನ್ನು ದಾಟಿ ಹೋಗುತ್ತಿದ್ದರೆ ಗುರಿ ಹಿಡಿಯುವ ವೇಗವನ್ನು ಒಂದೆರಡು ಮೆಟ್ಟಿಲು ಇಳಿಸಿ. ತಲುಪುವುದೇ ಇಲ್ಲ ಅನಿಸಿದರೆ ಏರಿಸಿ. ಒಂದೇ ಸಲ ಎಲ್ಲವನ್ನೂ ಬದಲಾಯಿಸಬೇಡಿ, ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಇಷ್ಟಾದ ಮೇಲೆ ಕಷ್ಟದ ಮಟ್ಟಕ್ಕೆ ಬನ್ನಿ. ನಿಮ್ಮ ಅದೃಷ್ಟಕ್ಕೆ ನೀವು ಹಿಡಿದಿರುವ ಆಟ ಈ ವಿಷಯದಲ್ಲಿ ಬಹಳ ಉದಾರಿ. 2018ರಲ್ಲಿ ಬಂದ 'ಶ್ಯಾಡೋ ಆಫ್ ದ ಟೂಂಬ್ ರೈಡರ್'ನಲ್ಲಿ ಕಾಳಗ, ಅನ್ವೇಷಣೆ, ಒಗಟು – ಮೂರಕ್ಕೂ ಬೇರೆ ಬೇರೆ ಮಟ್ಟ ಇಟ್ಟುಕೊಳ್ಳಬಹುದು, ಆಟದ ಮಧ್ಯೆಯೇ ಬದಲಾಯಿಸಬಹುದು. ಅನ್ವೇಷಣೆಯನ್ನು ಹಾರ್ಡ್‌ಗೆ ಏರಿಸಿದರೆ ಹತ್ತಬಹುದಾದ ಅಂಚುಗಳಿಗೆ ಬಳಿದಿರುವ ಬಿಳಿ ಬಣ್ಣ ಮಾಯವಾಗುತ್ತದೆ. ಒಗಟನ್ನು ಹಾರ್ಡ್‌ಗೆ ಏರಿಸಿದರೆ ಆರ್3 (ಬಲಗಡೆಯ ಕೋಲನ್ನು ಒಳಕ್ಕೆ) ಒತ್ತಿದಾಗ ವಸ್ತುಗಳು ಹೊಳೆಯುವ ನೆರವು ನಿಲ್ಲುತ್ತದೆ. ಕಾಳಗವನ್ನು ಹಾರ್ಡ್‌ಗೆ ಏರಿಸಿದರೆ ಹೊಡೆದಾಟದ ನಡುವೆ ಆರೋಗ್ಯ ತಾನಾಗಿ ಮರಳುವುದಿಲ್ಲ, ಈಸಿಗೆ ಇಳಿಸಿದರೆ ಗುರಿ ಹಿಡಿಯಲು ನೆರವು ಸಿಗುತ್ತದೆ. ನಿಮಗೆ ನಾನು ಹೇಳುವುದು: ಕಾಳಗ ಈಸಿ, ಅನ್ವೇಷಣೆ ನಾರ್ಮಲ್, ಒಗಟು ನಾರ್ಮಲ್. ಮುಂದಿನ ಎರಡು ಗೋರಿಗಳು ಸಲೀಸಾಗಿ ಮುಗಿದರೆ ಒಗಟನ್ನು ಹಾರ್ಡ್‌ಗೆ ಏರಿಸಿ ನೋಡಿ. ಗೋರಿಗಳಲ್ಲಿ ಖುಷಿ ಕಂಡವರಿಗೆ ಅದು ಹಿಡಿಸಬಹುದು.

ಒಂದು ಎಚ್ಚರಿಕೆ. ಅದೇ ಪಟ್ಟಿಯ ತುದಿಯಲ್ಲಿ 'ಡೆಡ್ಲಿ ಅಬ್ಸೆಷನ್' ಎಂಬ ಮಟ್ಟವಿದೆ. ಅದನ್ನು ಹೊಸ ಆಟ ಶುರುಮಾಡುವಾಗಲೇ ಆರಿಸಬೇಕು, ಅಲ್ಲಿ ಸೇವ್ ಆಗುವುದು ಶಿಬಿರದ ಬೆಂಕಿಯ ಹತ್ತಿರ ಮಾತ್ರ. ರಾತ್ರಿ ಒಂದೇ ಗಂಟೆ ಇರುವವರಿಗೆ ಅದು ಹೊಂದುವುದಿಲ್ಲ. ಆ ಗಂಟೆಯ ಅರ್ಧ ಭಾಗ, ನಡೆದ ದಾರಿಯನ್ನೇ ಮತ್ತೆ ನಡೆಯುವುದರಲ್ಲಿ ಕಳೆಯುತ್ತದೆ.

ಮಟ್ಟ ಇಳಿಸಲು ಮನಸ್ಸಿಲ್ಲದಿದ್ದರೆ ಆಡುವ ರೀತಿ ಬದಲಾಯಿಸಿ. ಈ ಆಟದ ನಾಯಕಿ ಲಾರಾ ಎದುರಾಬದುರಾ ಗುಂಡು ಹಾರಿಸಿ ಗೆಲ್ಲುವ ಪಾತ್ರವಲ್ಲ. ಕೆಸರು ಬಳಿದುಕೊಂಡು, ಬಳ್ಳಿ ಹಬ್ಬಿದ ಗೋಡೆಗೆ ಅಂಟಿಕೊಂಡು ಅಡಗುತ್ತಾಳೆ. ಶತ್ರುಗಳು ನೋಡಿಬಿಟ್ಟರೂ ಕಣ್ಣು ತಪ್ಪಿಸಿ ಮರೆಗೆ ಸರಿದರೆ ಮತ್ತೆ ಅಡಗಬಹುದು. ಹಲವರಿಗೆ ಇದು ಗೊತ್ತಾಗದೆ, ಒಮ್ಮೆ ಸಿಕ್ಕಿಬಿದ್ದ ಮೇಲೆ ನಿಂತು ಹೊಡೆದಾಡುತ್ತಾರೆ. ಕಾಡಿನಲ್ಲಿ ಕಿತ್ತುಕೊಂಡ ಗಿಡಮೂಲಿಕೆಗಳನ್ನು ಮುಂದೆ ಬೇಕಾದೀತು ಎಂದು ಕೂಡಿಡಬೇಡಿ. ಗುರಿ ಹಿಡಿಯುವಾಗ ಕಾಲವನ್ನೇ ನಿಧಾನ ಮಾಡುವ ಗಿಡವೂ ಅದರಲ್ಲಿದೆ. ಕೈ ನಿಧಾನ ಎನ್ನುವವರಿಗೆ ಆಟ ತಾನಾಗಿ ಕೊಟ್ಟಿರುವ ಔಷಧ ಅದು.

ತಮ್ಮನ ಮಾತು

ತಮ್ಮನ ಮಾತಿನಲ್ಲಿ ಅರ್ಧ ಸತ್ಯವಿದೆ. 2019ರ 'ಸೆಕಿರೋ'ದಂಥ ಆಟಗಳಲ್ಲಿ ಮಟ್ಟದ ಆಯ್ಕೆಯೇ ಇಲ್ಲ. ಅಲ್ಲಿ ಕತ್ತಿಗೆ ಕತ್ತಿ ತಾಗಿಸುವ ಹೊತ್ತನ್ನು ಕೈ ಕಲಿಯುವುದೇ ಆಟ. ಆ ಕಷ್ಟ ತೆಗೆದರೆ ಉಳಿಯುವುದು ಕಡಿಮೆ. ನಿಮ್ಮ ಆಟ ಹಾಗಲ್ಲ. ಮಾಡಿದವರೇ ಮೂರು ತಿರುಗಣೆ ಕೊಟ್ಟು 'ನಿಮಗೆ ಬೇಕಾದಷ್ಟು ತಿರುಗಿಸಿಕೊಳ್ಳಿ' ಎಂದಿರುವಾಗ ಅದನ್ನು ಬಳಸುವುದು ಕಳ್ಳಾಟವಾಗುವುದಿಲ್ಲ.

ತಮ್ಮ 2005ರ 'ರೆಸಿಡೆಂಟ್ ಈವಿಲ್ 4' ಆಡಿದ್ದರೆ ಇದನ್ನೂ ಹೇಳಿ. ಆಟಗಾರ ಮತ್ತೆ ಮತ್ತೆ ಸತ್ತರೆ ಆ ಆಟ ಹೇಳದೆ ಕೇಳದೆ ತಾನೇ ಸುಲಭವಾಗುತ್ತಿತ್ತು, ಚೆನ್ನಾಗಿ ಆಡಿದರೆ ಬಿಗಿಯಾಗುತ್ತಿತ್ತು. ನಾರ್ಮಲ್‌ನಲ್ಲಿ ಗೆದ್ದೆ ಎಂದು ಬೀಗಿದ ಎಷ್ಟೋ ಮಂದಿಗೆ ಆಟ ಗುಟ್ಟಾಗಿ ಕೈ ಹಿಡಿದಿತ್ತು. ಈಗಿನವರು ಅದನ್ನೇ ಬಹಿರಂಗವಾಗಿ ಮಾಡುತ್ತಾರೆ. 2020ರ 'ಹೇಡಿಸ್'ನ ಗಾಡ್ ಮೋಡ್ ಹಾಕಿಕೊಂಡರೆ ಬೀಳುವ ಪೆಟ್ಟು ಶೇ. 20ರಷ್ಟು ತಗ್ಗುತ್ತದೆ, ಪ್ರತಿ ಸಾವಿಗೂ ಇನ್ನೂ ಶೇ. 2 ಸೇರುತ್ತಾ ಶೇ. 80ರವರೆಗೆ ಹೋಗುತ್ತದೆ. ಅದೇ ವರ್ಷದ 'ದ ಲಾಸ್ಟ್ ಆಫ್ ಅಸ್ ಪಾರ್ಟ್ 2'ರಲ್ಲಿ ಇಂಥ ನೆರವುಗಳು 60ಕ್ಕೂ ಹೆಚ್ಚು. ಗುಂಡಿಯನ್ನು ಪಟಪಟನೆ ಒತ್ತುವ ಬದಲು ಒತ್ತಿ ಹಿಡಿದರೆ ಸಾಕು ಎಂಬುದರಿಂದ ಹಿಡಿದು ಒಗಟನ್ನೇ ದಾಟಿ ಹೋಗುವವರೆಗೆ.

ಈಸಿಯಲ್ಲಿ ಅಪಾಯವೇ ಇಲ್ಲ ಅನ್ನಲಾರೆ. ಕಾಳಗ ಅತಿ ಸುಲಭವಾದರೆ ಅಡಗುವುದು, ಗಿಡಮೂಲಿಕೆ ಕೀಳುವುದು, ಬಾಣ ತಯಾರಿಸುವುದು ಎಲ್ಲ ಅನಗತ್ಯವಾಗುತ್ತದೆ. ಕಾಡು ಸುತ್ತುವುದಕ್ಕೆ ಕಾರಣವೇ ಉಳಿಯದೆ ಆಟ ಚಪ್ಪೆಯಾಗುತ್ತದೆ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ತೋರಿಸಿಕೊಟ್ಟಂತೆ, ಮೈಮರೆತು ಮುಳುಗುವುದು ಸವಾಲೂ ಸಾಮರ್ಥ್ಯವೂ ಸಮಸಮವಾಗಿದ್ದಾಗ. ಸವಾಲು ಹೆಚ್ಚಾದರೆ ಕಳವಳ, ಕಡಿಮೆಯಾದರೆ ಬೇಸರ. ದಾರಿಯಲ್ಲಿ ಸಿಗುವ ಸಾಮಾನು ಎತ್ತಿಕೊಳ್ಳುವುದನ್ನೇ ನೀವು ಬಿಟ್ಟಿದ್ದೀರಿ ಅನಿಸಿದ ದಿನ ಕಾಳಗವನ್ನು ನಾರ್ಮಲ್‌ಗೆ ಮರಳಿಸಿ. ತೈಲ ಘಟಕ ದಾಟುವ ತನಕ ಮಾತ್ರ ಇಳಿಸಿ ಆಮೇಲೆ ಏರಿಸಿದರೂ ಆಯಿತು.

ವಯಸ್ಸು ಮತ್ತು ಆ ಒಂದು ಗಂಟೆ

ಇಪ್ಪತ್ತರ ಹರೆಯ ದಾಟಿದ ಮೇಲೆ ಕೈಯ ಚುರುಕು ತುಸು ತಗ್ಗುವುದು ನಿಜ. ಆದರೆ 38ರಲ್ಲಿ ಆ ವ್ಯತ್ಯಾಸ ಗೇಮ್ ಮೋಡ್ ಹಾಕದ ಟಿವಿ ಮಾಡುವ ವಿಳಂಬಕ್ಕಿಂತ ಸಣ್ಣದು. ನಿಮ್ಮ ವಿಷಯದಲ್ಲಿ ವಯಸ್ಸಿಗಿಂತ ದಣಿವನ್ನು ನಾನು ಹೆಚ್ಚು ಅನುಮಾನಿಸುತ್ತೇನೆ. ದಿನವಿಡೀ ದುಡಿದು ರಾತ್ರಿ ಹತ್ತೂವರೆಗೆ ಕೂತವರಿಗೆ ಗುಂಡಿನ ಕಾಳಗ ಯಾವ ವಯಸ್ಸಿನಲ್ಲೂ ಕಷ್ಟವೇ. ಕಾಳಗದ ಭಾಗಗಳನ್ನು ಭಾನುವಾರಕ್ಕೆ ಇಟ್ಟುಕೊಂಡು ವಾರದ ರಾತ್ರಿಗಳಲ್ಲಿ ಗೋರಿ ಸುತ್ತಿ. ಒಂದೇ ಜಾಗದಲ್ಲಿ ಐದು ಸಲ ಸತ್ತರೆ ಅವತ್ತಿಗೆ ಸಾಕು. ಆರನೆಯ ಸಲದಿಂದ ಕೈ ಕಲಿಯುವುದು ನಿಂತು ಸಿಟ್ಟು ಆಡಲು ಶುರುವಾಗುತ್ತದೆ. ಮುಚ್ಚುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಿ: ಎಲ್ಲಿದ್ದೇನೆ, ಮುಂದೆ ಏನು ಮಾಡಬೇಕೆಂದುಕೊಂಡಿದ್ದೆ. ಇಲ್ಲದಿದ್ದರೆ ಮರುದಿನದ ಮೊದಲ ಹದಿನೈದು ನಿಮಿಷ ಅದನ್ನು ನೆನಪಿಸಿಕೊಳ್ಳುವುದಕ್ಕೇ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಿಡಿಸದಿದ್ದರೆ ಆಟವನ್ನು ಬಿಟ್ಟುಬಿಡಿ. ಕೊಂಡ ಆಟ ಮುಗಿಸಲೇಬೇಕಾದ ಹರಕೆಯಲ್ಲ. ಪಿಎಸ್4 ಡಿಸ್ಕಾದರೆ ಸೆಕೆಂಡ್‌ಹ್ಯಾಂಡ್ ಮಾರಬಹುದು. ಲ್ಯಾಪ್‌ಟಾಪಿಗೆ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಳ್ಳುವುದಾದರೆ, ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಆದ್ದರಿಂದ ಎರಡು ಗಂಟೆ ತುಂಬುವ ಮೊದಲು ಪರೀಕ್ಷೆಗೆಂದೇ ಆಡಿ ನೋಡಿ: ಅಕ್ಷರ ಓದುವಷ್ಟು ದೊಡ್ಡದಿದೆಯೇ, ಇಂಗ್ಲಿಷ್ ಅರ್ಥವಾಗುತ್ತದೆಯೇ, ಸುಳಿವಿನ ವ್ಯವಸ್ಥೆ ಇದೆಯೇ, ಬೇಕಾದಾಗ ಸೇವ್ ಮಾಡಬಹುದೇ.

ಮುಂದೆ ಏನು ಆಡಲಿ ಎಂದು ನೀವು ಕೇಳಿಲ್ಲ, ಆದರೂ ನಿಮ್ಮ ಅಭಿರುಚಿಗೆ ಒಪ್ಪುವ ಮೂರು ಹೆಸರು ಹೇಳುತ್ತೇನೆ. 2022ರ 'ರಿಟರ್ನ್ ಟು ಮಂಕಿ ಐಲ್ಯಾಂಡ್' ಶುರುವಾಗುವಾಗಲೇ ಕ್ಯಾಶುವಲ್ ಬೇಕೇ, ಹಾರ್ಡ್ ಬೇಕೇ ಎಂದು ಕೇಳುತ್ತದೆ. ಕ್ಯಾಶುವಲ್‌ನಲ್ಲಿ ಒಗಟುಗಳ ಸರಪಳಿಯೇ ಚಿಕ್ಕದು. ನಾಯಕನ ಚೀಲದಲ್ಲಿ ಒಂದು ಸುಳಿವಿನ ಪುಸ್ತಕವೂ ಇರುತ್ತದೆ, ಕೇಳಿದಷ್ಟೇ, ಒಂದೊಂದೇ ಮೆಟ್ಟಿಲು ಹೇಳುತ್ತದೆ. ಪದದ ಆಟ ಇಲ್ಲೂ ಇದೆ, ಆದರೆ ಸಿಕ್ಕಿಕೊಂಡರೆ ಆ ಪುಸ್ತಕ ಕೈಯಲ್ಲೇ ಇರುತ್ತದೆ. 2018ರ 'ರಿಟರ್ನ್ ಆಫ್ ದ ಓಬ್ರಾ ಡಿನ್'ನಲ್ಲಿ ಹಡಗಿನ 60 ಜನರಿಗೆ ಏನಾಯಿತೆಂದು ಪತ್ತೆ ಹಚ್ಚಬೇಕು. ಮೂವರ ಗತಿ ಸರಿಯಾಗಿ ಬರೆದಾಗ ಮಾತ್ರ ಆಟ 'ಸರಿ' ಎನ್ನುತ್ತದೆ, ಹೀಗಾಗಿ ಕುರುಡು ಊಹೆ ಸುಲಭಕ್ಕೆ ನಡೆಯುವುದಿಲ್ಲ, ಗೊತ್ತಿಲ್ಲದ ಒಬ್ಬರ ಮೇಲೆ ಆಟ ನಿಂತುಹೋಗುವುದೂ ಇಲ್ಲ. ಗುಂಡು ಹಾರಿಸುವ ಕೆಲಸವೇ ಇಲ್ಲ. ಮೂರನೆಯದು 2019ರ 'ಔಟರ್ ವೈಲ್ಡ್ಸ್'. ಅಲ್ಲಿನ ಕಾಲ 22 ನಿಮಿಷಕ್ಕೊಮ್ಮೆ ಮೊದಲಿಗೆ ಮರಳುತ್ತದೆ, ಆದರೆ ನೀವು ಕಂಡುಕೊಂಡದ್ದೆಲ್ಲ ನಿಮ್ಮ ಬಾಹ್ಯಾಕಾಶ ನೌಕೆಯ ದಾಖಲೆಯಲ್ಲಿ ಉಳಿಯುತ್ತದೆ, ಯಾವ ಜಾಗದಲ್ಲಿ ನೋಡುವುದು ಇನ್ನೂ ಬಾಕಿಯಿದೆ ಎಂದೂ ಅದೇ ತಿಳಿಸುತ್ತದೆ. ನೌಕೆ ಹಾರಿಸುವುದು ಮೊದಲ ಎರಡು ದಿನ ಕೈಗೆ ಹತ್ತುವುದಿಲ್ಲ, ಇಳಿಯುವಾಗ ಗುದ್ದಿಸುತ್ತೀರಿ. ಆಟ ಶುರುವಾಗುವ ಹಳ್ಳಿಯಲ್ಲೇ ಅಭ್ಯಾಸಕ್ಕೆಂದು ಇಟ್ಟಿರುವ ಪುಟ್ಟ ಮಾದರಿ ನೌಕೆಯನ್ನು ಹತ್ತು ನಿಮಿಷ ಹಾರಿಸಿದ ಮೇಲೇ ಹೊರಡಿ. ನಿಮ್ಮ ಒಂದು ಗಂಟೆಯಲ್ಲಿ ಅಂಥ ಎರಡು ಸುತ್ತು ಆರಾಮವಾಗಿ ಮುಗಿಯುತ್ತವೆ.